ಸಲಮಾಂಕಾದಲ್ಲಿ ನನ್ನ ಮಗಳ ಒಂದು ದಿನ ಹೇಗಿರುತ್ತದೆ?

ಪ್ರಶ್ನೆ: ನನ್ನ ಮಗಳಿಗೆ ಸ್ಪೇನಿನ ಸಲಮಾಂಕಾ ವಿಶ್ವವಿದ್ಯಾಲಯದಲ್ಲಿ ಒಂದು ವರ್ಷದ ಮಾಸ್ಟರ್ಸ್ ಓದಲು ಸೀಟು ಸಿಕ್ಕಿದೆ. ಸೆಪ್ಟೆಂಬರ್‌ನಲ್ಲಿ ಹೊರಡುತ್ತಾಳೆ. ಸ್ಪ್ಯಾನಿಶ್ ಕಲಿತಿದ್ದಾಳೆ, ಬಿ2 ಅನ್ನುವ, ಮಧ್ಯಮಕ್ಕಿಂತ ಮೇಲಿನ ಮಟ್ಟದ ಪರೀಕ್ಷೆ ಪಾಸಾಗಿದೆ. ನಾವು ಸಸ್ಯಾಹಾರಿಗಳು, ಮೊಟ್ಟೆಯನ್ನೂ ತಿನ್ನುವುದಿಲ್ಲ. ಅವಳು ಇದುವರೆಗೆ ಮನೆ ಬಿಟ್ಟು ಇದ್ದವಳಲ್ಲ. ವೀಸಾ ಕೆಲಸ ಬೇರೆಯವರು ನೋಡಿಕೊಳ್ಳುತ್ತಿದ್ದಾರೆ, ಅದನ್ನು ಕೇಳುತ್ತಿಲ್ಲ. ಬೆಳಿಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವವರೆಗೆ ಅವಳ ದಿನ ಹೇಗಿರುತ್ತದೆ? ಏನು ತಿನ್ನುತ್ತಾಳೆ? ಎಂಥ ಮನೆಯಲ್ಲಿ ಇರುತ್ತಾಳೆ? ಒಂಟಿಯಾಗಿಬಿಡುತ್ತಾಳಾ? – ಒಬ್ಬ ತಾಯಿ, ಶಿವಮೊಗ್ಗ

ಉತ್ತರ: ನನಗೆ ಬರುವ ಪ್ರಶ್ನೆಗಳಲ್ಲಿ ಹತ್ತಕ್ಕೆ ಒಂಬತ್ತು ವೀಸಾ, ಬ್ಯಾಂಕ್ ಬ್ಯಾಲೆನ್ಸ್ ಬಗ್ಗೆಯೇ ಇರುತ್ತವೆ. ‘ಏನು ತಿನ್ನುತ್ತಾಳೆ’ ಅಂತ ಕೇಳುವವರು ಅಪರೂಪ. ನಾನು ಸಲಮಾಂಕಾದಲ್ಲಿ ಎರಡು ವರ್ಷ ಓದಿದವಳು. ಈಗ ಬೆಂಗಳೂರಲ್ಲಿ ಸ್ಪ್ಯಾನಿಶ್ ಕಲಿಸುತ್ತೇನೆ. ಸ್ಪೇನಿಗೆ ಹೊರಟ ಮಕ್ಕಳನ್ನು ಕೂರಿಸಿಕೊಂಡು ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅದನ್ನೇ ನಿಮಗೂ ಹೇಳುತ್ತೇನೆ. ಅಲ್ಲಿ ಭಾಷೆಗಿಂತ, ಚಳಿಗಿಂತ ಜಾಸ್ತಿ ಕಾಡುವುದು ಊಟದ ಹೊತ್ತು.

ನನ್ನ ಮೊದಲ ದಿನ ಹೀಗಾಯಿತು. ಮ್ಯಾಡ್ರಿಡ್‌ನಿಂದ ಬಸ್ಸಿನಲ್ಲಿ ಬಂದು ಇಳಿದಾಗ ಮಧ್ಯಾಹ್ನ ಹನ್ನೆರಡೂವರೆ. ಹೊಟ್ಟೆ ಚುರುಗುಟ್ಟುತ್ತಿತ್ತು. ಒಂದು ಹೋಟೆಲಿಗೆ ಹೋದೆ. ‘ಊಟ ಒಂದೂವರೆ ಮೇಲೆ’ ಅಂದರು. ಸರಿ, ರೂಮಿಗೆ ಹೋಗಿ ಸ್ವಲ್ಪ ಮಲಗೋಣ ಅಂದುಕೊಂಡೆ. ಎಚ್ಚರವಾದಾಗ ನಾಲ್ಕೂವರೆ. ಮತ್ತೆ ಹೋದೆ. ‘ಅಡುಗೆಮನೆ ಮುಚ್ಚಿತು, ಇನ್ನು ರಾತ್ರಿಯೇ’ ಅಂದರು. ಅಂಗಡಿಯಲ್ಲಿ ಬ್ರೆಡ್ಡಾದರೂ ಕೊಳ್ಳೋಣ ಅಂದರೆ ಅವತ್ತು ಭಾನುವಾರ, ಸೂಪರ್‌ಮಾರ್ಕೆಟ್ಟುಗಳ ಬಾಗಿಲು ಹಾಕಿತ್ತು. ಏಳು ಗಂಟೆಗೆ ಮೂರನೇ ಸಲ ಹೋದೆ. ರಾತ್ರಿ ಊಟ ಎಂಟೂವರೆಗೆ ಶುರುವಂತೆ. ಬೀದಿ ತುಂಬ ಜನ ಕಾಫಿ, ಬಿಯರ್ ಕುಡಿಯುತ್ತಾ ಹರಟುತ್ತಿದ್ದರು. ನಾನು ರೂಮಿಗೆ ವಾಪಸ್ ಬಂದು ಅಮ್ಮ ಕಟ್ಟಿಕೊಟ್ಟ ಚಕ್ಕುಲಿ ತಿಂದು, ಅತ್ತು, ಮಲಗಿದೆ. ತಿನ್ನುವುದಕ್ಕೆ ಏನೂ ಕೊರತೆಯಿಲ್ಲದ ಊರಲ್ಲಿ ಉಪವಾಸ!

ಅವರ ದಿನ ನಡೆಯುವ ಬಗೆಯೇ ಬೇರೆ. ಬೆಳಿಗ್ಗೆ ಎದ್ದ ಕೂಡಲೇ ಒಂದು ಕಾಫಿ, ಜೊತೆಗೆ ಒಂದು ಚೂರು ಬ್ರೆಡ್ಡೋ ಬಿಸ್ಕತ್ತೋ. ಅಷ್ಟೇ, ನಮ್ಮ ತಿಂಡಿಯ ಹಾಗಲ್ಲ. ಹನ್ನೊಂದರ ಹೊತ್ತಿಗೆ ಇನ್ನೊಂದು ಕಾಫಿ, ಏನಾದರೂ ಸಣ್ಣ ತಿಂಡಿ. ದಿನದ ದೊಡ್ಡ ಊಟ ಮಧ್ಯಾಹ್ನ ಎರಡರಿಂದ ಮೂರೂವರೆ ಒಳಗೆ. ಅದಕ್ಕೆ ‘ಕೊಮಿದಾ’ ಅನ್ನುತ್ತಾರೆ. ಆಗ ಸಣ್ಣ ಅಂಗಡಿಗಳೆಲ್ಲ ಬಾಗಿಲು ಹಾಕುತ್ತವೆ, ಮತ್ತೆ ತೆಗೆಯುವುದು ಐದಕ್ಕೆ. ಆರರ ಸುಮಾರಿಗೆ ಮತ್ತೊಂದು ಕುರುಕಲು. ರಾತ್ರಿ ಊಟ, ‘ಥೇನಾ’, ಒಂಬತ್ತೂವರೆಗೋ ಹತ್ತಕ್ಕೋ. ಹುಡುಗ ಹುಡುಗಿಯರು ಸುತ್ತಾಡಲು ಹೊರಡುವುದು ಹನ್ನೊಂದರ ಮೇಲೆ, ಅದರಲ್ಲೂ ಗುರುವಾರ. ಗುರುವಾರ ರಾತ್ರಿ ವಿದ್ಯಾರ್ಥಿಗಳ ರಾತ್ರಿ. ಶುಕ್ರವಾರ ಬೆಳಗಿನ ಕ್ಲಾಸಿನಲ್ಲಿ ಅರ್ಧ ಬೆಂಚು ಖಾಲಿ.

ಇದನ್ನು ಸೋಮಾರಿತನ ಅಂತ ತಿಳಿಯಬೇಡಿ. ಅದರ ಹಿಂದೆ ಗಡಿಯಾರದ ಒಂದು ಕತೆಯೂ ಇದೆ. ಭೂಪಟದಲ್ಲಿ ಸ್ಪೇನು ಇಂಗ್ಲೆಂಡಿನ ನೇರಕ್ಕೆ ಕೆಳಗಿದೆ. ಸಲಮಾಂಕಾ ಇನ್ನೂ ಪಶ್ಚಿಮಕ್ಕೆ, ಪೋರ್ಚುಗಲ್ ಕಡೆಗಿದೆ. ಆದರೆ 1940ರಲ್ಲಿ, ಸರ್ವಾಧಿಕಾರಿ ಫ್ರಾಂಕೊ ಕಾಲದಲ್ಲಿ, ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟು ಜರ್ಮನಿಯ ಸಮಯಕ್ಕೆ ಕೂಡಿಸಿದರು. ಮತ್ತೆ ಹಿಂದಕ್ಕೆ ತರಲೇ ಇಲ್ಲ. ಹಾಗಾಗಿ ಜೂನ್‌ನಲ್ಲಿ ರಾತ್ರಿ ಹತ್ತರ ಹತ್ತಿರಕ್ಕೆ ಸೂರ್ಯ ಮುಳುಗುತ್ತಾನೆ. ಡಿಸೆಂಬರ್‌ನಲ್ಲಿ ಬೆಳಿಗ್ಗೆ ಎಂಟೂವರೆ ಆದರೂ ಹುಟ್ಟಿರುವುದಿಲ್ಲ. ಅವರು ಮಧ್ಯಾಹ್ನ ಎರಡೂವರೆಗೆ ಉಣ್ಣುವಾಗ ಸೂರ್ಯನ ಲೆಕ್ಕದಲ್ಲಿ ಇನ್ನೂ ಒಂದು ಗಂಟೆಯ ಆಸುಪಾಸು. ಬೇಸಿಗೆಯಲ್ಲಾದರೆ ಹನ್ನೆರಡು. ನಮ್ಮ ಊಟದ ಹೊತ್ತೇ ಆಯಿತು, ಅಲ್ವಾ?

ಮಗಳು ಮೊದಲ ವಾರದಿಂದಲೇ ಆ ಹೊತ್ತಿಗೆ ಹೊಂದಿಕೊಳ್ಳಲಿ. ಇದು ಬರೀ ಹೊಟ್ಟೆಯ ವಿಷಯವಲ್ಲ. ನನ್ನ ವಿದ್ಯಾರ್ಥಿನಿಯೊಬ್ಬಳು ಅಲ್ಲಿಗೆ ಹೋದ ಹೊಸದರಲ್ಲಿ ಮನೆಯ ಅಭ್ಯಾಸದಂತೆ ಏಳೂವರೆಗೆ ಅಡುಗೆ ಮಾಡಿ, ರೂಮಿನಲ್ಲಿ ಫೋನ್ ನೋಡುತ್ತಾ ಉಂಡು, ಹತ್ತಕ್ಕೆ ಮಲಗುತ್ತಿದ್ದಳು. ಮನೆಯ ಉಳಿದ ಮೂವರು ಅಡುಗೆಮನೆಗೆ ಬರುತ್ತಿದ್ದುದೇ ಒಂಬತ್ತೂವರೆಗೆ. ಎರಡು ತಿಂಗಳಾದರೂ ಅವರಿಗೂ ಇವಳಿಗೂ ‘ಹೋಲಾ’ ಬಿಟ್ಟು ಮಾತಿಲ್ಲ. ‘ಇಲ್ಲಿನವರು ಸೇರಿಸಿಕೊಳ್ಳುವುದಿಲ್ಲ ಮೇಡಂ’ ಅಂತ ಅತ್ತಳು. ಎರಡು ವಾರ ಒಂಬತ್ತೂವರೆಗೆ ಅಡುಗೆ ಮಾಡಿ ನೋಡು ಅಂದೆ. ಒಗ್ಗರಣೆಯ ಸಾಸಿವೆ ಚಟಪಟ ಅಂದಾಗ ಒಬ್ಬಳು ಹೆದರಿ ಹಿಂದೆ ಸರಿದಳಂತೆ, ಇನ್ನೊಬ್ಬಳು ವಾಸನೆ ಹಿಡಿದು ಇದೇನು ಅಂತ ಕೇಳಿದಳಂತೆ. ಅಲ್ಲಿಂದ ಮಾತು ಶುರು. ಅಲ್ಲಿ ಭಾಷೆ ಕಲಿಯುವುದು ರಾತ್ರಿ ಒಂಬತ್ತೂವರೆಯ ಅಡುಗೆಮನೆಯಲ್ಲಿ. ಕ್ಲಾಸು ಆಮೇಲೆ.

ಈಗ ಊಟಕ್ಕೆ ಬರೋಣ. ಸಲಮಾಂಕಾ ಹಂದಿ ಮಾಂಸದ ಸೀಮೆ. ಹತ್ತಿರದ ಗಿಹುಯೆಲೋ ಊರಿನ ಹಮೋನ್, ಅಂದರೆ ಒಣಗಿಸಿದ ಹಂದಿ ತೊಡೆ, ದೇಶಕ್ಕೇ ಹೆಸರುವಾಸಿ. ಬಾರುಗಳಲ್ಲಿ ಸೂರಿನಿಂದ ತೊಡೆಗಳು ಸಾಲಾಗಿ ನೇತಾಡುತ್ತಿರುತ್ತವೆ. ಮೊದಲ ದಿನ ನೋಡಿದರೆ ಎದೆ ಧಸಕ್ಕೆನ್ನುತ್ತದೆ, ವಾರ ಕಳೆದರೆ ಕಣ್ಣಿಗೆ ಬೀಳುವುದೇ ಇಲ್ಲ. ‘ನಾನು ಸಸ್ಯಾಹಾರಿ’ ಅಂದರೆ ಸಾಲದು. ಎಷ್ಟೋ ಜನರಿಗೆ ‘ಮಾಂಸ’ ಅಂದರೆ ತಟ್ಟೆಯಲ್ಲಿರುವ ದೊಡ್ಡ ತುಂಡು. ಸಾರಿನಲ್ಲಿ ತೇಲುವ ಹಮೋನ್ ಚೂರು, ಸಲಾಡ್ ಮೇಲಿನ ಟೂನಾ ಮೀನು ಅವರ ಲೆಕ್ಕದಲ್ಲಿ ಮಾಂಸವೇ ಅಲ್ಲ. ‘ಸ್ಯಾಂಡ್‌ವಿಚ್ ವೆಹೆತಾಲ್’ ಅಂತ ಬೋರ್ಡಿನಲ್ಲಿ ಬರೆದಿರುತ್ತದೆ, ಹೆಸರಿನ ಅರ್ಥ ತರಕಾರಿ ಸ್ಯಾಂಡ್‌ವಿಚ್. ಒಳಗೆ ಟೂನಾ, ಬೇಯಿಸಿದ ಮೊಟ್ಟೆ, ಮಯೋನೀಸ್! ನಾನು ಮೋಸಹೋಗಿದ್ದೇನೆ, ನಿಮ್ಮ ಮಗಳು ಹೋಗುವುದು ಬೇಡ. ‘ನಿ ಕಾರ್ನೆ, ನಿ ಪೆಸ್ಕಾದೊ, ನಿ ಹಮೋನ್, ನಿ ಅತೂನ್, ನಿ ಉಯೇವೊ’ ಅಂತ ಒಂದೇ ಉಸಿರಿಗೆ ಹೇಳುವುದನ್ನು ರೂಢಿ ಮಾಡಿಕೊಳ್ಳಲಿ. ಮಾಂಸ ಬೇಡ, ಮೀನು ಬೇಡ, ಹಮೋನ್ ಬೇಡ, ಟೂನಾ ಬೇಡ, ಮೊಟ್ಟೆ ಬೇಡ. ಕೇಳಿದವರು ‘ಮತ್ತೆ ಏನು ತಿಂತೀಯಮ್ಮ?’ ಅಂತ ಮರುಕದಿಂದ ನೋಡುತ್ತಾರೆ. ನೋಡಲಿ ಬಿಡಿ.

ಮೊಟ್ಟೆ ತಿನ್ನದಿರುವುದು ಮಾಂಸ ತಿನ್ನದಿರುವುದಕ್ಕಿಂತ ಕಷ್ಟ. ಅಲ್ಲಿನ ಸಸ್ಯಾಹಾರಿಗಳಿಗೆ ಕೈಹಿಡಿಯುವುದು ತೊರ್ತಿಯಾ, ಅಂದರೆ ಆಲೂಗಡ್ಡೆ ಹಾಕಿದ ದಪ್ಪ ಆಮ್ಲೆಟ್. ನಿಮ್ಮ ಮಗಳಿಗೆ ಅದೂ ಇಲ್ಲ. ಸಲಮಾಂಕಾದ ತಿನಿಸು ಅಂತ ‘ಪತಾತಾಸ್ ಮೆನೆಆಸ್’ ಕೊಡುತ್ತಾರೆ. ನೋಡಲು ಥೇಟ್ ನಮ್ಮ ಮಸಾಲೆ ದೋಸೆಯ ಪಲ್ಯ, ಸ್ವಲ್ಪ ಕೆಂಪಗೆ. ಮೇಲೆ ಉದುರಿಸಿದ ಗರಿಗರಿ ಚೂರುಗಳು ಮಾತ್ರ ಹಂದಿ ಕೊಬ್ಬು. ಕ್ರಿಸ್‌ಮಸ್ ಸಮಯದ ಪೊಲ್ವೊರೋನ್ ನಮ್ಮ ನಾನ್‌ಖಟಾಯಿಯ ಹಾಗಿರುತ್ತದೆ, ಅದನ್ನು ಸಾಮಾನ್ಯವಾಗಿ ಹಂದಿ ಕೊಬ್ಬಿನಲ್ಲೇ ಮಾಡುವುದು. ಪೊಟ್ಟಣದ ಹಿಂದೆ ‘ಮಾಂತೆಕಾ ದೆ ಥೆರ್ದೊ’ ಅಂತಿದ್ದರೆ ವಾಪಸ್ ಇಡಬೇಕು.

ಹಾಗಾದರೆ ತಿನ್ನುವುದೇನು? ಹೊರಗೆ ಹೋದಾಗ ಟೊಮೆಟೊ ಸವರಿ ಆಲಿವ್ ಎಣ್ಣೆ ಹಾಕಿದ ಬ್ರೆಡ್ಡು, ಉಪ್ಪು ಹಾಕಿ ಹುರಿದ ಪದ್ರೋನ್ ಮೆಣಸಿನಕಾಯಿ, ಬೇಸಿಗೆಯಲ್ಲಿ ಗಥ್ಪಾಚೊ ಅನ್ನುವ ತಣ್ಣನೆಯ ಟೊಮೆಟೊ ಸಾರು. ತರಕಾರಿ ಬೇಯಿಸಿದ ಪಿಸ್ತೊ ಕೂಡ ಆಗುತ್ತದೆ, ಮೇಲೆ ಮೊಟ್ಟೆ ಬೇಡ ಅಂತ ಹೇಳಿದರೆ ಸಾಕು. ಚುರ್ರೊ ಬರೀ ಹಿಟ್ಟು, ನೀರು, ಉಪ್ಪು. ಎಣ್ಣೆಯಲ್ಲಿ ಕರಿದು ಗಟ್ಟಿ ಚಾಕೊಲೇಟಿನಲ್ಲಿ ಅದ್ದಿ ತಿನ್ನುತ್ತಾರೆ. ಚಳಿಗಾಲದ ಬೆಳಿಗ್ಗೆ ಅದಕ್ಕಿಂತ ಸುಖ ಇನ್ನೊಂದಿಲ್ಲ. ಮಧ್ಯಾಹ್ನದ ‘ಮೆನು ದೆಲ್ ದಿಯಾ’ ನಮ್ಮ ಪ್ಲೇಟ್ ಊಟದ ಹಾಗೆ. ಎರಡು ಬಗೆ, ಬ್ರೆಡ್ಡು, ಕುಡಿಯಲು ಏನಾದರೂ, ಕೊನೆಗೆ ಸಿಹಿ, ಎಲ್ಲ ಸೇರಿ ಒಂದೇ ಬೆಲೆ. ಆದರೆ ಎರಡನೇ ಬಗೆ ಹೆಚ್ಚಾಗಿ ಮೀನು ಇಲ್ಲವೇ ಮಾಂಸ. ಎರಡೂ ಮೊದಲ ಸಾಲಿನಿಂದಲೇ ಕೊಡಿ ಅಂತ ಕೇಳಿದರೆ ಬಹಳಷ್ಟು ಕಡೆ ಕೊಡುತ್ತಾರೆ.

ನಿಜವಾದ ಊಟ ಮನೆಯಲ್ಲೇ ಆಗಬೇಕು, ಮತ್ತು ಅದು ನೀವು ಹೆದರಿದಷ್ಟು ಕಷ್ಟವಿಲ್ಲ. ಸಲಮಾಂಕಾ ಬೇಳೆಕಾಳಿನ ನಾಡು! ಊರಿನ ಉತ್ತರಕ್ಕೆ ಲಾ ಅರ್ಮೂನ್ಯಾ ಅಂತ ಬಯಲು ಸೀಮೆಯಿದೆ. ಅಲ್ಲಿನ ಲೆಂತೇಹಾ, ಅಂದರೆ ಇಡೀ ಮಸೂರದ ಜಾತಿಯ ಕಾಳು, ಸ್ಪೇನಿನಲ್ಲೆಲ್ಲ ಹೆಸರಾದದ್ದು. ಅದೇ ಕಡೆಯ ಪೆದ್ರೋಸಿಯೋ ಹಳ್ಳಿಯ ಹೆಸರು ಹೊತ್ತ ಸಣ್ಣ ಕಡಲೆಕಾಳಿದೆ. ಎರಡನ್ನೂ ರಾತ್ರಿ ನೆನೆಹಾಕಿ, ಬೆಳಿಗ್ಗೆ ಬೇಯಿಸಿ, ಸಾರಿನ ಪುಡಿ ಹಾಕಿ, ಒಗ್ಗರಣೆ ಕೊಟ್ಟರೆ ಶಿವಮೊಗ್ಗದ ಅಡುಗೆಮನೆ ಕಣ್ಮುಂದೆ ಬರುತ್ತದೆ. ಸೂಪರ್‌ಮಾರ್ಕೆಟ್ಟಿನಲ್ಲಿ ಕಡಲೆ ಹಿಟ್ಟು ಸಿಗುತ್ತದೆ. ರವೆ ‘ಸೇಮೊಲಾ’ ಅಂತ ಸಿಗುತ್ತದೆ. ಒಣ ಕೊಬ್ಬರಿ ತುರಿ ಕೇಕಿನ ಸಾಮಾನಿನ ಸಾಲಿನಲ್ಲಿರುತ್ತದೆ. ತೊಗರಿಬೇಳೆ, ಹುಣಸೆಹಣ್ಣು, ಇಂಗಿಗೆ ಮಾತ್ರ ಮ್ಯಾಡ್ರಿಡ್‌ಗೆ ಹೋದಾಗ ಲವಪಿಯೇಸ್ ಬಡಾವಣೆ ಹುಡುಕಬೇಕು. ಅಲ್ಲಿ ಬಾಂಗ್ಲಾದೇಶದವರ, ಭಾರತೀಯರ ಅಂಗಡಿಗಳಿವೆ.

ಮೊಸರಿನ ಚಿಂತೆ ಬೇಡ. ಸಾದಾ ಮೊಸರು ಸಣ್ಣ ಕಪ್ಪುಗಳಲ್ಲಿ ಎಲ್ಲೆಲ್ಲೂ ಸಿಗುತ್ತದೆ. ಒಂದು ಕಪ್ಪು ತಂದು ಅದನ್ನೇ ಹೆಪ್ಪು ಮಾಡಿಕೊಂಡರೆ ವರ್ಷಪೂರ್ತಿ ಮನೆಮೊಸರು. ಅಲ್ಲಿ ಹಾಲು ಜಾಸ್ತಿ ಬರುವುದು ಡಬ್ಬದಲ್ಲಿ, ಮೊದಲೇ ಕಾಯಿಸಿದ್ದು. ಉಗುರುಬೆಚ್ಚಗೆ ಮಾಡಿ ಹೆಪ್ಪು ಹಾಕಿದರೆ ಸಾಕು. ಜನವರಿಯಲ್ಲಿ ಪಾತ್ರೆಗೆ ಟವೆಲ್ ಸುತ್ತಿ ರೂಮಿನ ಹೀಟರ್ ಪಕ್ಕ ಇಡುತ್ತಿದ್ದೆ. ನನ್ನ ಜೊತೆಗಿದ್ದ ಹುಡುಗಿ ಒಂದು ದಿನ ಟವೆಲ್ ಬೇಕು ಅಂತ ಎಳೆದು ಎಲ್ಲ ನೆಲದ ಪಾಲು. ಕಾಫಿಗೂ ದಾರಿಯಿದೆ. ಬಹುಪಾಲು ಬಾಡಿಗೆ ಮನೆಗಳಲ್ಲಿ ಒಲೆಯ ಮೇಲಿಡುವ ಇಟಾಲಿಯನ್ ಕಾಫಿ ಪಾತ್ರೆ ಇದ್ದೇ ಇರುತ್ತದೆ. ಅದರಲ್ಲಿ ಇಳಿಯುವುದು ಡಿಕಾಕ್ಷನ್ನೇ. ಪುಡಿ ಕೊಳ್ಳುವಾಗ ‘ಮೆಥ್ಕ್ಲಾ’ ಅಂತ ಬರೆದ ಪೊಟ್ಟಣ ತರಲಿ. ಸಕ್ಕರೆ ಹಾಕಿ ಹುರಿದ ಬೀಜ ಬೆರೆಸಿದ್ದು, ಕಪ್ಪಗೆ, ಕಹಿಯಾಗಿ ಇರುತ್ತದೆ. ಕಾಫಿ ಪಂಡಿತರು ಮೂಗು ಮುರಿಯುತ್ತಾರೆ. ಚಿಕೋರಿ ಕುಡಿದು ಬೆಳೆದ ನಮ್ಮ ನಾಲಿಗೆಗೆ ಅದು ಸರಿಹೋಗುತ್ತದೆ.

ಮನೆ. ವಿದ್ಯಾರ್ಥಿಗಳು ಹೆಚ್ಚಾಗಿ ‘ಪೀಸೊ ಕೊಂಪರ್ತೀದೊ’ದಲ್ಲಿ ಇರುತ್ತಾರೆ. ಮೂರು ನಾಲ್ಕು ಜನ ಒಂದು ಫ್ಲಾಟ್ ಹಂಚಿಕೊಳ್ಳುವುದು, ಒಬ್ಬೊಬ್ಬರಿಗೆ ಒಂದು ರೂಮು, ಅಡುಗೆಮನೆ ಬಚ್ಚಲು ಎಲ್ಲರದು. ಸಲಮಾಂಕಾದಲ್ಲಿ ರೂಮಿಗೆ ತಿಂಗಳಿಗೆ 250ರಿಂದ 400 ಯೂರೊ ಅಂತ ಲೆಕ್ಕ ಇಟ್ಟುಕೊಳ್ಳಿ. ಮ್ಯಾಡ್ರಿಡ್, ಬಾರ್ಸೆಲೋನಾಗಳಿಗೆ ಹೋಲಿಸಿದರೆ ಅಗ್ಗ. ಮೂರು ಹೊತ್ತು ಊಟ ಹಾಕುವ ಹಾಸ್ಟೆಲ್ಲುಗಳೂ ಇವೆ, ಆದರೆ ಮೊಟ್ಟೆಯನ್ನೂ ತಿನ್ನದ ಹುಡುಗಿಗೆ ಅದು ದುಡ್ಡು ಕೊಟ್ಟು ಉಪವಾಸ ಇದ್ದ ಹಾಗೆ.

ಇಲ್ಲಿಂದಲೇ ಫೋಟೊ ನೋಡಿ ಮುಂಗಡ ಕಳಿಸಬೇಡಿ. ಮೋಸ ನಡೆಯುವುದೇ ಅಲ್ಲಿ. ಮೊದಲ ಹತ್ತು ದಿನ ಒಂದು ತಾತ್ಕಾಲಿಕ ಜಾಗ ನೋಡಿಕೊಂಡು, ಕಣ್ಣಾರೆ ಕಂಡು ಆರಿಸಲಿ. ಸೆಪ್ಟೆಂಬರ್‌ನಲ್ಲಿ ಕಾಲೇಜುಗಳ ನೋಟಿಸ್ ಬೋರ್ಡುಗಳಲ್ಲಿ ರೂಮಿನ ಚೀಟಿಗಳು, ಕೆಳಗೆ ಹರಿದುಕೊಳ್ಳುವ ಹಾಗೆ ಫೋನ್ ನಂಬರುಗಳು. ರೂಮು ನೋಡಲು ಹೋದಾಗ ಎರಡು ವಿಷಯ ಕೇಳಲೇಬೇಕು. ಒಂದು, ಹೀಟಿಂಗ್ ಬಾಡಿಗೆಯಲ್ಲಿ ಸೇರಿದೆಯಾ? ಸಲಮಾಂಕಾ ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ, ಹೆಚ್ಚುಕಡಿಮೆ ಬೆಂಗಳೂರಿನ ಎತ್ತರ. ಆದರೆ ಅಷ್ಟು ಉತ್ತರಕ್ಕಿರುವುದರಿಂದ ಚಳಿಗಾಲದ ಎಷ್ಟೋ ರಾತ್ರಿ ಸೊನ್ನೆಗಿಂತ ಕೆಳಗೆ ಇಳಿಯುತ್ತದೆ. ಹೀಟಿಂಗ್ ಬಿಲ್ ಬೇರೆ ಅಂದರೆ ಮನೆಯವರೆಲ್ಲ ಸೇರಿ ಜಿಪುಣತನ ಮಾಡುತ್ತಾರೆ, ಎಲ್ಲರೂ ಸ್ವೆಟರ್ ಹಾಕಿಕೊಂಡು ಊಟ ಮಾಡುತ್ತಾರೆ. ಎರಡು, ರೂಮಿನ ಕಿಟಕಿ ಎಲ್ಲಿಗೆ ತೆರೆಯುತ್ತದೆ? ‘ಇಂತೆರಿಯೋರ್’ ಅಂದರೆ ಕಟ್ಟಡದ ನಡುವಿನ ಕಿರಿದಾದ ಅಂಗಳಕ್ಕೆ. ಬೆಳಕು ಕಡಿಮೆ, ಬಾಡಿಗೆಯೂ ಕಡಿಮೆ.

ಆ ಅಂಗಳದ ಬಗ್ಗೆ ಒಂದು ಮಾತು. ಬಟ್ಟೆ ಒಣಗಿಸುವುದು ಅಲ್ಲೇ. ಕಿಟಕಿಯಿಂದ ಕಿಟಕಿಗೆ ರಾಟೆ ಹಾಕಿದ ಹಗ್ಗ, ಎಳೆದರೆ ಬಟ್ಟೆ ಮುಂದೆ ಹೋಗುತ್ತದೆ. ನಾನು ನಾಲ್ಕನೇ ಮಹಡಿಯಲ್ಲಿದ್ದೆ. ಒಂದು ಕಾಲುಚೀಲ ಜಾರಿ ಎರಡನೇ ಮಹಡಿಯ ಅಜ್ಜಿಯ ಹಗ್ಗದ ಮೇಲೆ ಬಿತ್ತು. ಕೇಳಲು ಹೋದೆ. ಅಜ್ಜಿ ಕಾಲುಚೀಲವನ್ನು ಇಸ್ತ್ರಿ ಮಾಡಿ ಕೊಟ್ಟರು! ಆಮೇಲೆ ನಾನು ಬೇಕಂತಲೇ ಎರಡು ಮೂರು ಸಲ ಬೀಳಿಸಿದ್ದೇನೆ ಅನ್ನುವುದನ್ನು ಇವತ್ತು ಒಪ್ಪಿಕೊಳ್ಳುತ್ತೇನೆ. ನನ್ನ ಸ್ಪ್ಯಾನಿಶ್ ಅರ್ಧ ಅವರ ಬಾಗಿಲಲ್ಲಿ ಬಂದದ್ದು.

ಕಾಗದಪತ್ರ ನಾನು ಹೇಳುವುದಿಲ್ಲ ಅಂದುಕೊಂಡಿದ್ದೆ, ಆದರೆ ಒಂದು ವಿಷಯ ಕನ್ನಡದವರಿಗೇ ಕಾಡುವಂಥದ್ದು. ಹೋದ ಮೇಲೆ ನಗರಸಭೆಯಲ್ಲಿ ವಿಳಾಸ ದಾಖಲಿಸಬೇಕು. ಬಂದ ಒಂದು ತಿಂಗಳೊಳಗೆ ವಿದೇಶಿಯರ ಗುರುತಿನ ಚೀಟಿಗೆ ಅರ್ಜಿ ಹಾಕಬೇಕು. ಪೊಲೀಸ್ ಕಚೇರಿಯಲ್ಲಿ ಬೆರಳಚ್ಚು ಕೊಡಲು ಮೊದಲೇ ಸಮಯ ಗೊತ್ತುಮಾಡಿಕೊಳ್ಳಬೇಕು, ಸಮಯ ಸಿಗುವುದು ಕಷ್ಟ, ಬಂದ ದಿನದಿಂದಲೇ ಹುಡುಕಬೇಕು. ಎಲ್ಲ ಅರ್ಜಿಯಲ್ಲೂ ಮೊದಲ ಅಡ್ಡಹೆಸರು, ಎರಡನೇ ಅಡ್ಡಹೆಸರು ಅಂತ ಎರಡು ಖಾನೆ. ಅವರಿಗೆ ಒಂದು ಅಪ್ಪನಿಂದ, ಒಂದು ಅಮ್ಮನಿಂದ ಬರುತ್ತದೆ, ಮದುವೆಯಾದರೂ ಹೆಂಗಸರ ಹೆಸರು ಬದಲಾಗುವುದಿಲ್ಲ. ನಮಗೋ, ಒಂದು ಇನಿಷಿಯಲ್ಲು, ಇಲ್ಲವೇ ಊರಿನ ಹೆಸರು, ಇಲ್ಲವೇ ಏನೂ ಇಲ್ಲ. ಕೌಂಟರಿನ ಹೆಂಗಸು ‘ಎರಡನೆಯದು?’ ಅಂತ ಪೆನ್ನು ಹಿಡಿದು ಕಾಯುತ್ತಾಳೆ. ಸುಮ್ನೆ ಏನೋ ಒಂದು ಹೇಳಬಾರದು. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೇ, ಎಲ್ಲ ಕಡೆ ಒಂದೇ ರೀತಿ ಬರೆಸಬೇಕು. ಒಂದು ಕಡೆ ಅಪ್ಪನ ಹೆಸರು ಸೇರಿಸಿ ಇನ್ನೊಂದು ಕಡೆ ಬಿಟ್ಟರೆ ಬ್ಯಾಂಕಿನಲ್ಲಿ ಅವಳು ಬೇರೆ ಮನುಷ್ಯಳಾಗುತ್ತಾಳೆ.

ಬ್ಯಾಂಕ್ ಖಾತೆ ಬೇಗ ತೆರೆಯಲಿ. ಅಲ್ಲಿ ‘ಬೀಥುಮ್’ ಅಂತ ಇದೆ, ನಮ್ಮ ಫೋನ್‌ಪೇ ಇದ್ದ ಹಾಗೆ, ಫೋನ್ ನಂಬರಿಗೆ ದುಡ್ಡು ಕಳಿಸುವುದು. ಗೆಳೆಯರು ಪಿಜ್ಜಾದ ಬಿಲ್ ಹಂಚಿಕೊಳ್ಳುವುದೇ ಅದರಲ್ಲಿ. ಅದು ಬೇಕೆಂದರೆ ಸ್ಪೇನಿನ ಖಾತೆ ಬೇಕು. ತಿಂಗಳ ಖರ್ಚು ಬಾಡಿಗೆ ಸೇರಿ 700ರಿಂದ 850 ಯೂರೊ ಹಿಡಿಯಿರಿ. ವೀಸಾಗೆ ತೋರಿಸಬೇಕಾದ ತಿಂಗಳಿಗೆ 600 ಯೂರೊ ಕನಿಷ್ಠ ಲೆಕ್ಕ, ಅದರಲ್ಲೇ ಇರುತ್ತೇನೆ ಅಂದರೆ ಬಿಗಿಯಾಗುತ್ತದೆ. ವಿದ್ಯಾರ್ಥಿಗಳು ವಾರಕ್ಕೆ 30 ಗಂಟೆ ತನಕ ಕೆಲಸ ಮಾಡಲು ಕಾನೂನು ಬಿಡುತ್ತದೆ, ಆದರೆ ಅದನ್ನು ನಂಬಿ ಲೆಕ್ಕ ಹಾಕಬೇಡಿ. ಊರು ಚಿಕ್ಕದು, ಕೆಲಸ ಕಡಿಮೆ. ಓಡಾಟಕ್ಕೆ ಮಾತ್ರ ಖರ್ಚಿಲ್ಲ, ಹೆಚ್ಚೆಂದರೆ ಅರ್ಧ ಗಂಟೆ ನಡೆದರೆ ಎಲ್ಲಿಗೆ ಬೇಕಾದರೂ ತಲುಪಬಹುದು.

ಭಾಷೆ. ಬಿ2 ಇದ್ದರೂ ಮೊದಲ ತಿಂಗಳು ಏನೂ ಅರ್ಥವಾಗುವುದಿಲ್ಲ. ಹೆದರಬೇಡ ಅನ್ನಿ. ಅವರು ವೇಗವಾಗಿ ಮಾತಾಡುತ್ತಾರೆ, ಮಾತಿಗೆ ಮುಂಚೆ ‘ಬಾಲೆ, ಬಾಲೆ’ ಅನ್ನುತ್ತಾರೆ. ಹುಡುಗಿಯನ್ನು ಕರೆಯುತ್ತಿಲ್ಲ, ‘ಸರಿ ಸರಿ’ ಅಂತ ಅದರ ಅರ್ಥ. ನನಗೆ ಸಿಟ್ಟು ಬರುವುದು ಇನ್ನೊಂದಕ್ಕೆ. ನಮ್ಮ ಮಕ್ಕಳು ಸ್ಪ್ಯಾನಿಶನ್ನು ಇಂಗ್ಲಿಷ್ ಮೂಲಕ ಕಲಿಯುತ್ತಾರೆ. ಕನ್ನಡದ ಮೂಲಕ ಕಲಿತರೆ ಅರ್ಧ ಕಷ್ಟ ಕಡಿಮೆ. ‘ಮೆ ಗುಸ್ತಾ ಎಲ್ ಕಫೆ’ ಅನ್ನುವುದು ಇಂಗ್ಲಿಷಿನವರಿಗೆ ತಲೆಕೆಳಗಾದ ವಾಕ್ಯ. ನಮಗೆ? ನನಗೆ ಕಾಫಿ ಇಷ್ಟ. ‘ಮೆ ದುಯೇಲೆ ಲಾ ಕಬೇಥಾ’, ನನಗೆ ತಲೆ ನೋಯುತ್ತೆ. ‘ಬೋಯ್’ ಅಂದರೆ ಹೋಗ್ತೀನಿ, ‘ನಾನು’ ಅಂತ ಹೇಳಲೇಬೇಕಿಲ್ಲ, ಕ್ರಿಯಾಪದದ ಬಾಲದಲ್ಲೇ ‘ನಾನು’ ಇದೆ. ಅವರ ತ, ದ ನಮ್ಮ ತ, ದಗಳೇ. ಪೇರೊ ಅಂದರೆ ‘ಆದರೆ’, ಪೆರ್ರೊ ಅಂದರೆ ನಾಯಿ. ಈ ಎರಡು ರಕಾರಕ್ಕೆ ಇಂಗ್ಲಿಷಿನವರು ಒದ್ದಾಡುತ್ತಾರೆ. ಹಳಗನ್ನಡದಲ್ಲಿ ನಮಗೂ ಶಕಟರೇಫ ಅಂತ ಒರಟು ರ ಒಂದಿತ್ತಲ್ಲ.

ನಮಗೆ ಕಷ್ಟವಾಗುವುದು ಬೇರೆ ಕಡೆ. ಅರವತ್ತು ವರ್ಷದ ಪ್ರೊಫೆಸರನ್ನು ಹೆಸರು ಹಿಡಿದು ಕರೆದು ‘ನೀನು’ ಅನ್ನಬೇಕು. ‘ನೀವು’ ಅನ್ನಲು ‘ಉಸ್ತೆದ್’ ಇದೆ, ಆದರೆ ಅದನ್ನು ಬಳಸಿದರೆ ಅವರಿಗೇ ಮುಜುಗರ. ನನಗೆ ಒಂದು ಸೆಮಿಸ್ಟರ್ ಬಾಯಿ ಬರಲಿಲ್ಲ, ಹೆಸರನ್ನೇ ತಪ್ಪಿಸಿ ವಾಕ್ಯ ಕಟ್ಟುತ್ತಿದ್ದೆ. ಇನ್ನು ‘ನೀನು ಹಿಂದೂನಾ’ ಅಂತ ಯಾರಾದರೂ ಕೇಳಿದರೆ ಜಗಳಕ್ಕೆ ನಿಲ್ಲುವುದು ಬೇಡ. ಅಲ್ಲಿ ಹಳೆಯ ರೂಢಿಯಲ್ಲಿ ‘ಇಂದೂ’ ಅಂದರೆ ಭಾರತದವರು ಅಂತಲೇ. ‘ಇಂದ್ಯೊ’ ಅಂದರೆ ಎಷ್ಟೋ ಜನಕ್ಕೆ ಅಮೆರಿಕದ ಮೂಲನಿವಾಸಿಗಳು ನೆನಪಾಗುತ್ತಾರೆ.

ಮಾರ್ಕ್ಸ್ ವಿಷಯ ನೀವೂ ತಿಳಿದಿರಿ. ಹತ್ತಕ್ಕೆ ಲೆಕ್ಕ. 5 ಬಂದರೆ ಪಾಸ್. 7 ಬಂದರೆ ‘ನೊತಾಬ್ಲೆ’, ಒಳ್ಳೆಯದೇ. 9ರ ಮೇಲೆ ಕೈಬೆರಳೆಣಿಕೆಯ ಮಂದಿ. ಅವಳು ಫೋನ್ ಮಾಡಿ 6.8 ಅಂದಾಗ ನಿಮ್ಮ ದನಿ ಇಳಿಯಬಾರದು.

ವಿಶ್ವವಿದ್ಯಾಲಯ 1218ರಲ್ಲಿ ಶುರುವಾದದ್ದು. ಹಳೆಯ ಕಟ್ಟಡದ ಮುಂಬಾಗಿಲಿನ ತುಂಬ ಕೆತ್ತನೆ, ಅದರಲ್ಲೊಂದು ತಲೆಬುರುಡೆ, ಬುರುಡೆಯ ಮೇಲೊಂದು ಕಪ್ಪೆ. ಯಾರ ಸಹಾಯವೂ ಇಲ್ಲದೆ ಕಪ್ಪೆಯನ್ನು ಕಂಡವರು ಪಾಸಾಗುತ್ತಾರೆ ಅಂತ ನಂಬಿಕೆ. ಅದು ಯಾವ ಕಡೆ ಇದೆ ಅಂತ ನಾನು ಇಲ್ಲಿ ಹೇಳುವುದಿಲ್ಲ. ನೀವೂ ಇಂಟರ್ನೆಟ್ಟಿನಲ್ಲಿ ನೋಡಿ ಅವಳಿಗೆ ಹೇಳಬೇಡಿ.

ಒಂಟಿತನದ ಬಗ್ಗೆ ಕೇಳಿದ್ದೀರಿ. ಅಕ್ಟೋಬರ್ ಕೊನೆಯಿಂದ ಡಿಸೆಂಬರ್ ತನಕ ಕಷ್ಟ. ಹೊಸತರ ಹುರುಪು ಇಳಿದಿರುತ್ತದೆ, ಚಳಿ ಏರಿರುತ್ತದೆ. ದೀಪಾವಳಿ ದಿನ ಅಲ್ಲಿ ಕ್ಲಾಸು. ಸ್ಪೇನಿನವರು ಬೇಗ ಮಾತಾಡಿಸುತ್ತಾರೆ, ಕೆನ್ನೆಗೆ ಕೆನ್ನೆ ತಾಗಿಸಿ ಎರಡು ಮುತ್ತು ಕೊಡುತ್ತಾರೆ, ‘ಯಾ ಕೆದಾರೆಮೋಸ್’, ಸಿಗೋಣ ಅನ್ನುತ್ತಾರೆ. ಆಮೇಲೆ ಸುದ್ದಿಯಿಲ್ಲ. ಅದು ಮೋಸವಲ್ಲ. ನಾವು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರಿಗೆ ‘ಬನ್ನಿ ಒಂದ್ಸಲ ಮನೆಗೆ’ ಅನ್ನುತ್ತೇವಲ್ಲ, ಅದೇ ಇದು. ದಿನ, ಗಂಟೆ, ಜಾಗ ಹೇಳಿದರೆ ಮಾತ್ರ ಅದು ನಿಜವಾದ ಕರೆ. ಜಾಗ ಅಂದರೆ ಹೆಚ್ಚಾಗಿ ಪ್ಲಾಥಾ ಮಯೋರ್, ಊರಿನ ದೊಡ್ಡ ಚೌಕ, ಅಲ್ಲಿನ ಗಡಿಯಾರದ ಕೆಳಗೆ. ಸಂಜೆ ಆ ಗಡಿಯಾರದ ಕೆಳಗೆ ನಿಂತು ಯಾರಿಗೋ ಕಾಯುವುದು, ಬಿಸಿಲು ಬಿದ್ದು ಕಲ್ಲಿನ ಗೋಡೆಗಳೆಲ್ಲ ಚಿನ್ನದ ಬಣ್ಣಕ್ಕೆ ತಿರುಗುವುದು ನನಗೆ ಈಗಲೂ ಕನಸಿನಲ್ಲಿ ಬರುತ್ತದೆ. ಡಿಸೆಂಬರ್ ಮಧ್ಯದಲ್ಲಿ ವಿದ್ಯಾರ್ಥಿಗಳು ಅದೇ ಚೌಕದಲ್ಲಿ ಮುಂಚಿತವಾಗಿ ‘ಹೊಸ ವರ್ಷ’ ಮಾಡುತ್ತಾರೆ, ನಿಜವಾದ ಹೊಸ ವರ್ಷಕ್ಕೆ ಎಲ್ಲರೂ ಊರಿಗೆ ಹೋಗಿರುತ್ತಾರಲ್ಲ. ಹೊಸ ವರ್ಷಕ್ಕೆ ಹನ್ನೆರಡು ಗಂಟೆ ಹೊಡೆಯುವಾಗ ಹನ್ನೆರಡು ದ್ರಾಕ್ಷಿ ತಿನ್ನುವುದು ಸ್ಪೇನಿನ ರೂಢಿ, ಇವರು ಅದರ ಬದಲು ಹನ್ನೆರಡು ಜೆಲ್ಲಿ ಮಿಠಾಯಿ ತಿನ್ನುತ್ತಾರೆ. ಆ ಮಿಠಾಯಿಯಲ್ಲಿ ಸಾಮಾನ್ಯವಾಗಿ ಪ್ರಾಣಿಗಳ ಜೆಲಟಿನ್ ಇರುತ್ತದೆ. ಅವಳು ಜೇಬಿನಲ್ಲಿ ದ್ರಾಕ್ಷಿ ಇಟ್ಟುಕೊಂಡು ಹೋಗಲಿ.

ರಾತ್ರಿ ಓಡಾಟಕ್ಕೆ ಊರು ಸುರಕ್ಷಿತ, ಒಂದು ಗಂಟೆಗೂ ಬೀದಿಯಲ್ಲಿ ಜನ ಇರುತ್ತಾರೆ. ಮ್ಯಾಡ್ರಿಡ್ ಮೆಟ್ರೊದಲ್ಲಿ ಮಾತ್ರ ಬ್ಯಾಗು ಮುಂದೆ ಹಾಕಿಕೊಳ್ಳಲಿ. ತುರ್ತಿಗೆ 112.

ನಿಮ್ಮ ಫೋನಿನ ಹೊತ್ತನ್ನೂ ಬದಲಿಸಬೇಕು. ಬೇಸಿಗೆಯಲ್ಲಿ ನಾವು ಅವರಿಗಿಂತ ಮೂರೂವರೆ ಗಂಟೆ ಮುಂದೆ, ಅಕ್ಟೋಬರ್ ಕೊನೆಯ ಭಾನುವಾರದಿಂದ ನಾಲ್ಕೂವರೆ. ರಾತ್ರಿ ಎಂಟಕ್ಕೆ ನೀವು ಊಟ ಮುಗಿಸಿ ಮಾಡಿದರೆ ಅಲ್ಲಿ ಮೂರೂವರೆ ನಾಲ್ಕೂವರೆ, ಅವಳ ಊಟವೂ ಮುಗಿದಿರುತ್ತದೆ, ಅದು ಒಳ್ಳೆಯ ಹೊತ್ತು. ಮಲಗುವ ಮುಂಚೆ ಅವಳ ದನಿ ಕೇಳಬೇಕು ಅಂತ ಅಲ್ಲಿನ ಒಂಬತ್ತೂವರೆಗೆ ಕಾಯಬೇಡಿ. ನಿಮಗೂ ನಿದ್ದೆಯಿಲ್ಲ, ಅವಳಿಗೂ ಅಡುಗೆಮನೆಯ ಮಾತು ತಪ್ಪುತ್ತದೆ.

ಪೆಟ್ಟಿಗೆಗೆ ಸಾರಿನ ಪುಡಿ, ಇಂಗು, ಹುಣಸೆಹಣ್ಣು, ಒಂದು ಒಗ್ಗರಣೆ ಸೌಟು ಸಾಕು. ಸೌಟು ಕಬ್ಬಿಣದ್ದಿರಲಿ, ಇಂಡಕ್ಷನ್ ಒಲೆಯಲ್ಲಿ ಅಲ್ಯುಮಿನಿಯಂ ಕಾಯುವುದಿಲ್ಲ. ತುಪ್ಪ, ಪೇಡ, ಹಾಲಿನ ಸಿಹಿ ಬೇಡ, ಹೊರಗಿನಿಂದ ಹಾಲಿನ ಪದಾರ್ಥ ತರುವುದಕ್ಕೆ ಯುರೋಪಿನಲ್ಲಿ ನಿಷೇಧವಿದೆ. ಹಸಿ ಕರಿಬೇವೂ ಬೇಡ. ಕುಕ್ಕರ್ ಅಲ್ಲೇ ಸಿಗುತ್ತದೆ. ಮತ್ತೆ ಒಂದು ಡಬ್ಬಿ ಚಕ್ಕುಲಿ. ಅದನ್ನು ದೊಡ್ಡ ಪೆಟ್ಟಿಗೆಯಲ್ಲಿ ತುರುಕಬೇಡಿ, ಕೈಚೀಲದಲ್ಲಿ ಇಡಿ. ಅವಳು ಇಳಿಯುವುದು ಭಾನುವಾರವೇ ಆಗಿರಬಹುದು.